ನಾಡಿ ನೋಡುವ ಮೊದಲು ಕೊಡ ನೋಡು

ಗುಡ್ಡಾಪುರ ಅಂದರೆ ವಿಜಯಪುರ, ಬಾಗಲಕೋಟೆ, ಸೊಲ್ಲಾಪುರ ಕಡೆಯ ಜನಕ್ಕೆ ದಾನಮ್ಮನ ಊರು. ಛಟ್ಟಿ ಅಮಾವಾಸ್ಯೆಗೆ ನಡೆದು ಬಂದು, ತಾಯಿಯ ದರ್ಶನ ಮಾಡಿ, ದಾಸೋಹದಲ್ಲಿ ಉಂಡು ಹೊರಡುವವರ ಕಣ್ಣಿಗೆ ಊರ ಸುತ್ತಲಿನ ನೆಲ ಅಷ್ಟಾಗಿ ಬೀಳುವುದಿಲ್ಲ. ಅದು ಗಟ್ಟಿ ಕಲ್ಲಿನ ನೆಲ. ಮಳೆಯಾದರೆ ಸಜ್ಜೆ, ಹಿಂಗಾರಿಗೆ ಜೋಳ. ಬೋರಿನಲ್ಲಿ ನೀರಿದ್ದವನಿಗೆ ದಾಳಿಂಬೆ, ದ್ರಾಕ್ಷಿ. ಇಲ್ಲದವನಿಗೆ ಕುರಿ, ಅದೂ ಇಲ್ಲದವನಿಗೆ ಕಬ್ಬು ಕಡಿಯುವ ಗುಳೆ. ರಾಜ್ಯ ಮಹಾರಾಷ್ಟ್ರ, ಜಿಲ್ಲೆ ಸಾಂಗ್ಲಿ, ತಾಲ್ಲೂಕು ಜತ್, ಮನೆಮಾತು ಕನ್ನಡ.

ಈ ಸುತ್ತಿನ ಹಳ್ಳಿಗಳಲ್ಲಿ ನಾನು ಇಪ್ಪತ್ತಾರು ವರ್ಷ ಉಪಕೇಂದ್ರದ ಆರೋಗ್ಯ ಸೇವಿಕೆಯಾಗಿದ್ದೆ. ಜನರ ಬಾಯಲ್ಲಿ ನರ್ಸಬಾಯಿ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಸಾಂಗ್ಲಿ ಶಹರಕ್ಕೆ ನುಗ್ಗಿತು. ಪಲೂಸ ತಾಲ್ಲೂಕಿನ ಬ್ರಹ್ಮನಾಳದಲ್ಲಿ ನೆರೆಯಿಂದ ಜನರನ್ನು ಸಾಗಿಸುತ್ತಿದ್ದ ದೋಣಿಯೇ ಮಗುಚಿತು. ನಮ್ಮಲ್ಲಿ ಕೆಲವರನ್ನು ನೆರೆ ಕ್ಯಾಂಪಿನ ಡ್ಯೂಟಿಗೆ ಕಳಿಸಿದರು. ಕೆಸರಿನಲ್ಲಿ ನಿಂತು ಡಾಕ್ಸಿಸೈಕ್ಲಿನ್ ಗುಳಿಗೆ ಹಂಚುತ್ತಿದ್ದಾಗ ಮನೆಯಿಂದ ಫೋನು ಬಂತು. ಟ್ಯಾಂಕರ್ ಇವತ್ತೂ ಬಂದಿಲ್ಲ, ಕುಡಿಯಲು ಉಳಿದದ್ದು ಒಂದೇ ಕೊಡ. ಒಂದೇ ಜಿಲ್ಲೆ, ಒಂದೇ ವಾರ. ಒಂದು ತುದಿಯಲ್ಲಿ ನೀರಿನಿಂದ ಸಾವು, ಇನ್ನೊಂದು ತುದಿಯಲ್ಲಿ ನೀರಿಗಾಗಿ ಸರದಿ.

ಹವಾಮಾನ ಬದಲಾವಣೆಯಲ್ಲಿ ದಾದಿಯರಿಗೂ ಕೆಲಸವಿದೆ ಎಂದು ಅಂತರರಾಷ್ಟ್ರೀಯ ದಾದಿಯರ ಪರಿಷತ್ತು 2018ರಲ್ಲಿ ಹೇಳಿತು. ಭಾರತ ಸರಕಾರ ಹವಾಮಾನ ಮತ್ತು ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮವನ್ನು 2019ರಲ್ಲಿ ಶುರು ಮಾಡಿತು. ಆ ಕಾಗದಗಳು ನಮ್ಮ ಕೈಗೆ ಬರುವ ಮೊದಲೇ ಕೆಲಸ ಕೈಗೆ ಬಂದಿತ್ತು. ಅದರಿಂದ ಕಲಿತದ್ದನ್ನು ಈಗ ಹೊಸದಾಗಿ ಸೇರುವ ಹೆಣ್ಣುಮಕ್ಕಳಿಗೆಂದು ಬರೆಯುತ್ತಿದ್ದೇನೆ.

1. ನಾಡಿ ನೋಡುವ ಮೊದಲು ಕೊಡ ನೋಡು

ಏಳು ತಿಂಗಳ ಬಸುರಿ. ಉರಿಮೂತ್ರ, ಕಿಬ್ಬೊಟ್ಟೆ ನೋವು, ಸಣ್ಣ ಜ್ವರ. ಗುಳಿಗೆ ಕೊಟ್ಟರೆ ವಾರದಲ್ಲಿ ಆರಾಮ, ಮತ್ತೆ ಹದಿನೈದು ದಿನಕ್ಕೆ ಅದೇ ತ್ರಾಸು. “ನೀರು ಜಾಸ್ತಿ ಕುಡಿ ತಂಗಿ” ಅಂತ ಪ್ರತಿ ಸಲ ಹೇಳಿದೆ. ಮೂರನೇ ಸಲ ಬಂದಾಗ ನನಗೇ ಸಮಾಧಾನವಾಗಲಿಲ್ಲ, ಅವಳ ಹಿಂದೆಯೇ ಮನೆಗೆ ಹೋದೆ. ಪಡಸಾಲೆಯ ಮೂಲೆಯಲ್ಲಿ ಹರವಿ, ಅದರ ಪಕ್ಕ ಮೂರು ಕೊಡ. ಏಳು ಮಂದಿ ಇರುವ ಮನೆ. ಗಂಡಸರು ಕುಡಿದು, ಮಕ್ಕಳು ಕುಡಿದು, ದನಕ್ಕೆ ಕುಡಿಸಿ, ಅತ್ತೆ ಕುಡಿದ ಮೇಲೆ ಸೊಸೆಯ ಸರದಿ. ಅಷ್ಟೇ ಆಗಿದ್ದರೆ ಅತ್ತೆಗೆ ಹೇಳಿ ಸರಿಮಾಡಬಹುದಿತ್ತು. ಸೊಸೆ ನನ್ನನ್ನು ಹಿತ್ತಲಿಗೆ ಕರೆದು ದನಿ ಇಳಿಸಿ ಹೇಳಿದಳು: “ಕುಡದ್ರ ಹೊರಗ ಹೋಗಬೇಕಾಗ್ತದ್ರಿ ಬಾಯಾರ. ಸಂಡಾಸ ಕಟ್ಸ್ಯಾರ, ಖರೆ. ಅದಕ್ಕ ಹಾಕಾಕ ನೀರು ಎಲ್ಲಿಂದ ತರೋದು? ಕತ್ತಲಾಗೂ ತನಕ ತಡಕೊಂಡಿರ್ತೇನಿ.”

ಅವಳ ರೋಗದ ಬೇರು ಮೂತ್ರಕೋಶದಲ್ಲಿರಲಿಲ್ಲ, ಹರವಿಯ ಹತ್ತಿರವಿತ್ತು. ಬಸುರಿಯಲ್ಲಿ ಇಂಥ ಸೋಂಕು ಮೇಲಿಂದ ಮೇಲೆ ಆದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಭಯವಿದೆ. ಬರದ ವರ್ಷದಲ್ಲಿ ಕಡಿಮೆ ತೂಕದ ಕೂಸುಗಳನ್ನು ತೂಗಿದಾಗಲೆಲ್ಲ ಆ ಹರವಿ ನೆನಪಾಗುತ್ತದೆ.

ಟ್ಯಾಂಕರಿನ ಸರಕಾರಿ ಲೆಕ್ಕ ತಲೆಗೆ ದಿನಕ್ಕೆ 20 ಲೀಟರ್. 2019ರಲ್ಲಿ ಶುರುವಾದ ಜಲಜೀವನ ಯೋಜನೆಯ ಗುರಿ 55 ಲೀಟರ್. ಎರಡೂ ಲೆಕ್ಕ ಮನೆಯ ಹೊಸ್ತಿಲಿಗೆ ಮುಗಿಯುತ್ತವೆ. ಹೊಸ್ತಿಲೊಳಗೆ ಯಾರ ಪಾಲು ಎಷ್ಟು ಎಂದು ಕೇಳುವ ಅಧಿಕಾರಿ ಇಲ್ಲ. ಕೇಳಬಲ್ಲವರು ನರ್ಸಬಾಯಿ ಮತ್ತು ಆಶಾತಾಯಿ, ಯಾಕೆಂದರೆ ಒಳಮನೆಯವರೆಗೆ ಹೋಗುವವರು ನಾವಿಬ್ಬರೇ. ಅಂದಿನಿಂದ ಬಸುರಿಯ ಮನೆಗೆ ಹೋದಾಗ ನಾಲ್ಕು ಪ್ರಶ್ನೆ ತಪ್ಪಿಸಲಿಲ್ಲ. ನೀರು ಎಲ್ಲಿಂದ ಬರುತ್ತದೆ? ಎಷ್ಟು ದಿನಕ್ಕೊಮ್ಮೆ? ಹೊತ್ತು ತರುವವರು ಯಾರು? ಕೊನೆಗೆ ಕುಡಿಯುವವರು ಯಾರು?

ಆ ಮನೆಯ ಅತ್ತೆಗೆ ಸೋಂಕಿನ ಪಾಠ ಹೇಳಲಿಲ್ಲ. “ಆಯಿ, ಹೊಟ್ಯಾಗಿನ ಮೊಮ್ಮಗನೂ ನೀರು ಕುಡೀತಾನ, ಅವನ ಪಾಲು ಬ್ಯಾರೆ ತೆಗದಿಡ್ರಿ” ಅಂದೆ. ಮರುದಿನದಿಂದ ಒಂದು ಸಣ್ಣ ಕೊಡ ಬೇರೆ ನಿಂತಿತು, ‘ಬಸುರಿ ಪಾಲು’ ಅಂತ ಅದಕ್ಕೆ ಹೆಸರೂ ಬಿತ್ತು. ಓಣಿಯ ಇನ್ನೂ ಕೆಲವು ಮನೆಗಳಿಗೆ ಆ ರೂಢಿ ಹಬ್ಬಿತು. ನನ್ನ ನೌಕರಿಯಲ್ಲಿ ನಾನು ಮಾಡಿದ ದೊಡ್ಡ ಕೆಲಸ ಯಾವುದು ಎಂದು ಕೇಳಿದರೆ ಈ ಸಣ್ಣ ಕೊಡವನ್ನೇ ತೋರಿಸುತ್ತೇನೆ.

2. ಬರದ ವರ್ಷದಲ್ಲೂ ಡೆಂಗಿ ಬರುತ್ತದೆ

ಸೊಳ್ಳೆ ಮಳೆಗಾಲದ್ದು ಎಂದು ನಾನೂ ನಂಬಿದ್ದೆ. ಮಳೆಯೇ ಇಲ್ಲದ ವರ್ಷ ಒಂದು ಓಣಿಯಲ್ಲಿ ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ಮುರಿತ ಶುರುವಾದಾಗ ತಬ್ಬಿಬ್ಬಾದೆ. ಅಂಗಳಕ್ಕೆ ಇಳಿದ ಮೇಲೆ ತಿಳಿಯಿತು. ಟ್ಯಾಂಕರ್ ಆರು ದಿನಕ್ಕೊಮ್ಮೆ ಬರುವ ಊರಿನಲ್ಲಿ ಮನೆಮನೆಗೂ ನಾಲ್ಕೈದು ಬ್ಯಾರಲ್. ಡೆಂಗಿಯ ಸೊಳ್ಳೆಗೆ ಕೆರೆ ಬೇಡ, ಹೊಳೆ ಬೇಡ. ನೆರಳಿನಲ್ಲಿ ನಿಂತ ಸ್ವಚ್ಛ ನೀರಿನ ಬ್ಯಾರಲ್ ಸಾಕು. ಮೊಟ್ಟೆ ಸೊಳ್ಳೆಯಾಗಿ ಹಾರಲು ಎಂಟು ಹತ್ತು ದಿನ ಸಾಕು.

ಆಗ ನಾವು ಮಾಡಿದ್ದು ತಪ್ಪು. ಸರ್ವೇಗೆ ಬಂದ ತಂಡದೊಂದಿಗೆ ಸೇರಿ, ಹುಳ ಕಂಡ ಬ್ಯಾರಲ್ಲುಗಳನ್ನು ಉರುಳಿಸಿದೆವು. ಒಬ್ಬ ಹೆಣ್ಣುಮಗಳು ಹರಿದುಹೋಗುವ ನೀರನ್ನು ನೋಡುತ್ತ ನಿಂತಳು. ಬೈಯಲಿಲ್ಲ. “ಇನ್ನ ನಾಕ ದಿನಾ ನಾ ಏನ ಮಾಡ್ಲಿ, ನೀವ ಹೇಳ್ರಿ” ಅಂದಳು. ನನ್ನ ಬಳಿ ಉತ್ತರವಿರಲಿಲ್ಲ. ಆ ಓಣಿಯವರು ಮುಂದಿನ ಎರಡು ತಿಂಗಳು ನಮ್ಮನ್ನು ಅಂಗಳಕ್ಕೆ ಬಿಟ್ಟುಕೊಳ್ಳಲಿಲ್ಲ, ಅದು ನ್ಯಾಯವೇ.

ಮಹಾರಾಷ್ಟ್ರದಲ್ಲಿ ವಾರಕ್ಕೊಂದು ‘ಕೋರಡಾ ದಿವಸ’, ಅಂದರೆ ಒಣ ದಿನ ಆಚರಿಸಿ ಎಂದು ಹೇಳುತ್ತಾರೆ. ನೀರಿರುವ ಊರಿಗೆ ಆ ಮಾತು ಸರಿ. ನಮ್ಮಲ್ಲಿ ಅದನ್ನು ಟ್ಯಾಂಕರಿನ ಲೆಕ್ಕಕ್ಕೆ ಹೊಂದಿಸಿಕೊಂಡೆವು. ಟ್ಯಾಂಕರ್ ಬರುವ ದಿನ ಮುಂಜಾನೆ ಬ್ಯಾರಲ್ ಹೇಗೂ ತಳ ಕಂಡಿರುತ್ತದೆ. ಉಳಿದ ತಂಬಿಗೆ ನೀರನ್ನು ಬಟ್ಟೆಯಲ್ಲಿ ಸೋಸಿ ಕೊಡಕ್ಕೆ ಸುರಿದು, ಬ್ಯಾರಲ್ಲಿನ ಒಳಗೋಡೆಯನ್ನು ತೆಂಗಿನ ನಾರಿನಿಂದ ಗಸಗಸ ತಿಕ್ಕಬೇಕು. ಈ ಸೊಳ್ಳೆಯ ಮೊಟ್ಟೆ ನೀರಿನಲ್ಲಿ ತೇಲುವುದಿಲ್ಲ, ನೀರಿನ ಅಂಚಿಗೆ ತುಸು ಮೇಲೆ ಗೋಡೆಗೆ ಅಂಟಿಕೊಂಡಿರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಸಾಯದು, ನೀರು ತಾಗಿದೊಡನೆ ಒಡೆಯುತ್ತದೆ. ತಿಕ್ಕದೆ ತುಂಬಿದ ಬ್ಯಾರಲ್ ತೊಳೆಯದಂತೆಯೇ. ತುಂಬಿದ ಮೇಲೆ ಹಳೆಯ ಧೋತರದ ಎರಡು ಮಡಿಕೆ ಹೊದಿಸಿ ಹಗ್ಗ ಬಿಗಿದರೆ ಆಯಿತು. ಒಂದು ಹನಿ ಚೆಲ್ಲಬೇಕಿಲ್ಲ. ದನದ ದೊಡ್ಡ ತೊಟ್ಟಿಗೆ ಗಪ್ಪಿ ಮೀನು ಬಿಟ್ಟೆವು, ಅದನ್ನು ಮಕ್ಕಳು ಜತನದಿಂದ ಕಾಯ್ದರು.

3. ಹಳದಿ ಬಣ್ಣವನ್ನು ಕೊನೆಯ ಮನೆಯಲ್ಲಿ ನೋಡಿ

ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ನೀರಿನ ಮೂಲಗಳ ತಪಾಸಣೆ ಮಾಡಿ ಗ್ರಾಮಪಂಚಾಯತಿಗೆ ಹಸಿರು, ಹಳದಿ, ಕೆಂಪು ಕಾರ್ಡು ಕೊಡುವ ಪದ್ಧತಿ ನಮ್ಮಲ್ಲಿದೆ. ಒಳ್ಳೆಯ ಪದ್ಧತಿ. ಆದರೆ ಬಾವಿಗೆ ಟಿಸಿಎಲ್, ಅಂದರೆ ಬ್ಲೀಚಿಂಗ್ ಪುಡಿ ಹಾಕಿದ ಕೂಡಲೇ ಅಲ್ಲೇ ನಿಂತು ಕ್ಲೋರಿನ್ ನೋಡುವ ಓಟಿ ಟೆಸ್ಟ್ ಮಾಡಿದರೆ ಹಳದಿ ಬಣ್ಣ ಬಂದೇ ಬರುತ್ತದೆ. ಕೊಳವೆಯ ತುದಿಯ ಕಟ್ಟಕಡೆಯ ಮನೆಗೆ ಹೋಗಿ, ಅಲ್ಲಿನ ಕೊಡದ ನೀರಿನಲ್ಲಿ ನೋಡಬೇಕು. ಅಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಆ ಕೊನೆಯ ಮನೆ ಬಹಳ ಸಲ ಬಡವರದ್ದೇ ಆಗಿರುತ್ತದೆ, ವಾಂತಿ-ಭೇದಿಯ ಮೊದಲ ಕೂಸೂ ಅಲ್ಲಿಂದಲೇ ಬರುತ್ತದೆ. ಟಿಸಿಎಲ್ ಚೀಲವನ್ನು ಬಿಸಿಲಿನಲ್ಲಿ ಬಾಯಿ ಬಿಚ್ಚಿಟ್ಟರೆ ಬೇಸಿಗೆಯಲ್ಲಿ ಕಸುವು ಬೇಗ ಹೋಗುತ್ತದೆ ಎನ್ನುವುದೂ ನೆನಪಿರಲಿ.

4. ‘ಉಷ್ಮಾಘಾತ’ ಎಂದರೆ ಯಾರೂ ಬರುವುದಿಲ್ಲ

ಮಾರ್ಚ್ ಬಂತೆಂದರೆ ಉಪಕೇಂದ್ರದ ಗೋಡೆಗೆ ಮರಾಠಿ ಪೋಸ್ಟರು ಬರುತ್ತದೆ, ಉಷ್ಮಾಘಾತದ ಲಕ್ಷಣಗಳು ಎಂದು. ನಾನು ಕನ್ನಡ ಶಾಲೆಯಲ್ಲಿ ಕಲಿತು, ನರ್ಸಿಂಗನ್ನು ಮರಾಠಿಯಲ್ಲಿ ಓದಿದವಳು, ನನಗೆ ಅರ್ಥವಾಗುತ್ತದೆ. ಹೊಲದಿಂದ ಬಂದ ಆಯಿಗೆ ಆಗುವುದಿಲ್ಲ. ಅದನ್ನೇ ಗ್ರಾಂಥಿಕ ಕನ್ನಡಕ್ಕೆ ತಿರುಗಿಸಿ ‘ಉಷ್ಣಾಘಾತ’ ಎಂದು ಬರೆದರೂ ಆಗುವುದಿಲ್ಲ.

ನಮ್ಮ ಜನ ಹೇಳುವುದು ಬೇರೆ ಮಾತು. “ಝಳ ಬಡದದ.” “ಕಣ್ಣಿಗೆ ಕತ್ತಲಿ ಬಂತು.” “ತೆಲಿ ಗರಗರ ತಿರಗತದ.” “ಪಿಂಡ್ರಿ ಹಿಡದಾವು.” “ಉರಿಗಿ ಹೋಗ್ಲಿಕತ್ತೈತಿ.” ಇವುಗಳಲ್ಲಿ ಒಂದೊಂದೂ ಒಂದೊಂದು ಹಂತ. ಮೀನಖಂಡ ಹಿಡಿಯುವುದು ಉಪ್ಪು-ನೀರು ಕಡಿಮೆಯಾದ ಸೂಚನೆ. ತಲೆ ತಿರುಗಿ, ವಾಕರಿಕೆ ಬಂದು, ಬೆವರು ಧಾರೆಯಾಗಿ ಇಳಿಯುವುದು ಅದರ ಮುಂದಿನದು. ಮಾತು ತಪ್ಪಿ, ಮನೆಯವರ ಗುರುತು ಹತ್ತದೆ, ಮೈ ಕಾದ ಹಂಚಿನಂತಾದರೆ ಅದು ಕೊನೆಯ ಹಂತ, ಒಂದು ಗಳಿಗೆಯನ್ನೂ ಕಳೆಯುವಂತಿಲ್ಲ. ನಾನೂ ಆಶಾತಾಯಿಯರೂ ಕುಳಿತು ಜನರ ಈ ಮಾತುಗಳನ್ನು ಒಂದು ಹಾಳೆಯಲ್ಲಿ ಬರೆದೆವು. ಯಾವ ಮಾತು ಕೇಳಿದರೆ ಮಜ್ಜಿಗೆ ಮತ್ತು ನೆರಳು, ಯಾವ ಮಾತಿಗೆ ಓಆರ್‌ಎಸ್, ಯಾವ ಮಾತಿಗೆ 108ಕ್ಕೆ ಫೋನು ಎಂದು ಎದುರೆದುರು ಗೆರೆ ಎಳೆದೆವು. ಪೋಸ್ಟರಿಗಿಂತ ಆ ಹಾಳೆ ಹೆಚ್ಚು ಕೆಲಸ ಮಾಡಿತು.

ಸಲಹೆಯೂ ಅವರ ಅಡುಗೆಮನೆಯಿಂದಲೇ ಬರಬೇಕು. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ, ನುಚ್ಚು-ಮಜ್ಜಿಗೆ ನಮ್ಮ ಹಿರಿಯರು ಬಿಸಿಲಿಗೆಂದೇ ಕಂಡುಕೊಂಡದ್ದು. ಬಣ್ಣದ ಬಾಟಲಿಯ ಪಾನೀಯ ಕೊಂಡು ಕುಡಿಯಿರಿ ಎಂದು ನಾನು ಯಾರಿಗೂ ಹೇಳಿಲ್ಲ.

5. ಒಂದು ಕೊಡ ನೀರು ಜೀವ ಉಳಿಸುತ್ತದೆ

ಇದನ್ನು ಬರೆಯಲು ನನಗೆ ಕಷ್ಟವಾಗುತ್ತದೆ. ನೌಕರಿಯ ಮೊದಲ ವರ್ಷಗಳಲ್ಲಿ, ಒಂದು ಮೇ ತಿಂಗಳ ಮಧ್ಯಾಹ್ನ, ಎಪ್ಪತ್ತು ದಾಟಿದ ಒಬ್ಬ ಮುತ್ಯಾನನ್ನು ಕರೆತಂದರು. ಕುರಿ ಕಾಯುವವರು. ಮೈ ಸುಡುತ್ತಿತ್ತು, ಏನೇನೋ ಬಡಬಡಿಸುತ್ತಿದ್ದರು. ಜ್ವರ ಎಂದುಕೊಂಡು ಪ್ಯಾರಾಸಿಟಮಾಲ್ ಕೊಟ್ಟೆ, ದೊಡ್ಡ ದವಾಖಾನೆಗೆ ಒಯ್ಯಿರಿ ಎಂದು ಚೀಟಿ ಬರೆದೆ. ಗಾಡಿ ಸಿಗಲು ಒಂದು ತಾಸು ಹಿಡಿಯಿತು. ಆ ತಾಸಿನಲ್ಲಿ ನನ್ನ ಪಕ್ಕದಲ್ಲೇ ತುಂಬಿದ ಕೊಡವಿತ್ತು. ಮುತ್ಯಾ ದಾರಿಯಲ್ಲೇ ತೀರಿಕೊಂಡರು.

ಝಳದ ಬೇನೆಗೆ ಪ್ಯಾರಾಸಿಟಮಾಲ್ ಕೆಲಸ ಮಾಡುವುದಿಲ್ಲ. ಮೈಯೊಳಗಿನ ಶಾಖ 40 ಡಿಗ್ರಿ ದಾಟಿ ಮಾತು ತಪ್ಪಿದವರಿಗೆ ಔಷಧವೆಂದರೆ ತಂಪೇ, ಅದೂ ಸಾಗಿಸುವ ಮೊದಲೇ. ನೆರಳಿಗೆ ಎಳೆದು, ಅಂಗಿ-ಧೋತರ ಸಡಿಲಿಸಿ, ಒಂದು ಚಾದರವನ್ನು ಕೊಡದ ನೀರಿನಲ್ಲಿ ಅದ್ದಿ ಮೈಗೆ ಹೊದಿಸಿ, ಎರಡು ಕಡೆಯಿಂದ ಗಾಳಿ ಹಾಕಬೇಕು. ಕುತ್ತಿಗೆ, ಕಂಕುಳ, ತೊಡೆಸಂದಿಗೆ ಒದ್ದೆ ಬಟ್ಟೆ. ಚಾದರ ಬಿಸಿಯಾದರೆ ಮತ್ತೆ ಅದ್ದಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ಲೆಕ್ಕ ಹಾಕಿ ನೋಡಿದ್ದೇನೆ, ಜೋಕೆಯಿಂದ ಬಳಸಿದರೆ ಒಂದು ಕೊಡ ಸಾಕು. ನೀರಿಲ್ಲದ ಊರಿನಲ್ಲಿ ಇದಕ್ಕೆಂದೇ ಒಂದು ಕೊಡವನ್ನು ಉಪಕೇಂದ್ರದಲ್ಲಿ ಬೇಸಿಗೆಯಿಡೀ ಮುಟ್ಟದೆ ಇಟ್ಟಿರುತ್ತಿದ್ದೆ.

ಝಳ ಹೊಲದಲ್ಲಿ ಮಾತ್ರ ಬಡಿಯುವುದಿಲ್ಲ. ತಗಡಿನ ಪತ್ರಾ ಹೊದಿಸಿದ ಮನೆ ರಾತ್ರಿ ಹತ್ತರವರೆಗೂ ಕಾದಿರುತ್ತದೆ. ಅದರೊಳಗೆ ಬಾಣಂತಿ, ಕೂಸಿಗೆ ಕುಲಾಯಿ, ಮೇಲೆ ಕೌದಿ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಗೆ. ಚಳಿಗಾಲದ ಆ ಪದ್ಧತಿಯನ್ನು ಮೇ ತಿಂಗಳಲ್ಲೂ ಬಿಡುವುದಿಲ್ಲ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಝಳಕ್ಕೆ ಬಹಳ ಮಂದಿ ಸತ್ತರು. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡನ್ನು ಮೇಲಿನ ಮಹಡಿಯಿಂದ ಕೆಳಗಿಳಿಸಿದ ಮೇಲೆ ಝಳದಿಂದ ಐಸಿಯು ಸೇರುವ ಹಸುಗೂಸುಗಳ ಸಂಖ್ಯೆ ಇಳಿಯಿತು. ಆ ಶಹರ 2013ರಲ್ಲಿ ಮಾಡಿದ ಝಳದ ಯೋಜನೆಯನ್ನು ದೇಶವೇ ನೋಡಿ ಕಲಿಯಿತು. ನಮ್ಮಲ್ಲಿ ಮಹಡಿಯಿಲ್ಲ, ಮಣ್ಣಿನ ಮಾಳಿಗೆಯ ಹಳೆಯ ಮನೆಗಳಿವೆ. ಪತ್ರಾ ಮನೆಯ ಬಾಣಂತಿಯನ್ನು ಹಗಲು ಹೊತ್ತು ಪಕ್ಕದ ಮಾಳಿಗೆ ಮನೆಯಲ್ಲಿ ಮಲಗಿಸಲು ನೆರೆಯವರನ್ನು ಕೇಳಿದರೆ ಯಾರೂ ಒಲ್ಲೆ ಅನ್ನಲಿಲ್ಲ. ಅಗ್ಗಿಷ್ಟಿಗೆ ಬೇಡ ಎಂದು ಜಗಳಾಡದೆ, ಬೆಳಗಿನ ಜಾವ ಹತ್ತು ನಿಮಿಷಕ್ಕೆ ಮುಗಿಸಿರಿ ಎಂದು ಒಪ್ಪಿಸಿದೆ.

ಉದ್ಯೋಗ ಖಾತ್ರಿ ಕೆಲಸದ ಜಾಗದಲ್ಲಿ ನೆರಳು, ಕುಡಿಯುವ ನೀರು, ಪ್ರಥಮ ಚಿಕಿತ್ಸೆ ಇರಬೇಕೆಂದು 2005ರ ಕಾಯ್ದೆಯಲ್ಲೇ ಬರೆದಿತ್ತು. ನಾನು ಕಂಡ ಜಾಗಗಳಲ್ಲಿ ನೆರಳೆಂದರೆ ಜಾಲಿಗಿಡವೇ. ಕೆಲಸ ಬೆಳಿಗ್ಗೆ ಆರಕ್ಕೆ ಶುರುವಾಗಿ ಹನ್ನೊಂದಕ್ಕೆ ನಿಲ್ಲಲಿ ಎಂದು ಕೇಳುವ ಹಕ್ಕು ನರ್ಸಿಗೂ ಇದೆ, ಕೇಳಿರಿ.

6. ಫ್ರಿಜ್ಜು ಮತ್ತು ಗಡಿಗೆ

ಲಸಿಕೆಗೆ 2ರಿಂದ 8 ಡಿಗ್ರಿ ತಂಪು ಬೇಕು. ಬೇಸಿಗೆಯಲ್ಲಿ ಕರೆಂಟು ಹೋಗುತ್ತದೆ, ಕ್ಯಾರಿಯರಿನ ಐಸ್‌ಪ್ಯಾಕ್ ಬೇಗ ಕರಗುತ್ತದೆ. ಲಸಿಕೆಯ ದಿನ ದೂರದ ವಸ್ತಿಗೆ ಮೊದಲು, ಹತ್ತಿರದ್ದಕ್ಕೆ ಆಮೇಲೆ ಹೋಗುತ್ತಿದ್ದೆ, ಹತ್ತೂವರೆಯೊಳಗೆ ಮುಗಿಯುವಂತೆ. ಬಾಟಲಿಯ ಮೇಲೆ ಶಾಖ ತಾಗಿದ್ದನ್ನು ತೋರಿಸುವ ವಿವಿಎಂ ಗುರುತಿನಲ್ಲಿ ಒಳಗಿನ ಚೌಕ ಸುತ್ತಿನ ಬಣ್ಣಕ್ಕೆ ತಿರುಗಿದರೆ, ಎಷ್ಟೇ ಮಕ್ಕಳು ಕಾದಿದ್ದರೂ, ಆ ಬಾಟಲಿ ಬದಿಗೆ.

ಇನ್ಸುಲಿನ್ ತೆಗೆದುಕೊಳ್ಳುವ ಬಡವರ ಮನೆಯಲ್ಲಿ ಫ್ರಿಜ್ ಇರುವುದಿಲ್ಲ. ದೊಡ್ಡ ಗಡಿಗೆಯೊಳಗೆ ಒದ್ದೆ ಮರಳು, ಅದರೊಳಗೆ ಸಣ್ಣ ಗಡಿಗೆ, ಅದರಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬಾಟಲಿ, ಮೇಲೆ ಒದ್ದೆ ಬಟ್ಟೆ, ನೆರಳು. ಬಳಸುತ್ತಿರುವ ಬಾಟಲಿಯನ್ನು ಕಾಪಾಡಲು ಇದು ಸಾಕು. ಬಿಪಿ ಗುಳಿಗೆಗಳಲ್ಲಿ ಕೆಲವು ಮೂತ್ರ ಹೆಚ್ಚಿಸುವಂಥವು. ಬೇಸಿಗೆಯಲ್ಲಿ ಅವನ್ನು ನುಂಗುವ ಹಿರಿಯರು ನಿಂತಾಗ ತಲೆ ತಿರುಗುತ್ತದೆ ಎಂದರೆ ಡಾಕ್ಟರರಿಗೆ ತೋರಿಸಿ ಡೋಸ್ ಕೇಳಬೇಕು. ತಾವಾಗಿ ನಿಲ್ಲಿಸಬಾರದು, ನಾವೂ ನಿಲ್ಲಿಸಿ ಎನ್ನಬಾರದು.

7. ಅಕಾಲ ಮಳೆಯ ಮಾರನೇ ವಾರ ಅಟ್ರೋಪಿನ್ ಎಷ್ಟಿದೆ ಕೇಳಿ

ಅಕ್ಟೋಬರಿನಲ್ಲಿ ದ್ರಾಕ್ಷಿಗೆ ಛಾಟಣಿ, ಅಂದರೆ ಟೊಂಗೆ ಸವರುವ ಕೆಲಸ ಆಗುತ್ತದೆ. ಚಿಗುರು ಬರುವ ಹೊತ್ತಿಗೆ ಅಕಾಲ ಮಳೆ ಸುರಿದರೆ ಡೌನಿ ರೋಗ ಬೀಳುತ್ತದೆ. ಮಳೆ ಬಿದ್ದ ರಾತ್ರಿಯಿಂದಲೇ ರೈತ ಎಣ್ಣೆ ಹೊಡೆಯಲು ಓಡುತ್ತಾನೆ. ನಮ್ಮ ಕಡೆ ಬೆಳೆಯ ಔಷಧಕ್ಕೆ ಎಣ್ಣೆ ಎಂದೇ ಅನ್ನುವುದು. ಸಾಲ ಮಾಡಿ ನೆಟ್ಟ ಬಾಗು, ತಡೆದರೆ ವರ್ಷದ ಗಳಿಕೆ ಹೋಯಿತು. ಒಂದರ ಮೇಲೊಂದು, ರೋಗಕ್ಕೊಂದು, ಹುಳಕ್ಕೊಂದು ಬೆರೆಸಿ ಹೊಡೆಯುತ್ತಾರೆ. ಮಳೆ ಹೋಗಿ ಬಿಸಿಲು ಬಿದ್ದಾಗ ಮೈಮೇಲೆ ಬನಿಯನ್ ಮಾತ್ರ. ಬೆವತ ಮೈ ವಿಷವನ್ನು ಬೇಗ ಹೀರಿಕೊಳ್ಳುತ್ತದೆ. ಯವತಮಾಳದಲ್ಲಿ 2017ರಲ್ಲಿ ಹತ್ತಿಗೆ ಎಣ್ಣೆ ಹೊಡೆಯುತ್ತಲೇ ರೈತರು, ಕೂಲಿಗಳು ಸತ್ತದ್ದು ದೇಶಕ್ಕೆಲ್ಲ ಗೊತ್ತಾಯಿತು. ನಮ್ಮಲ್ಲಿ ವಾಂತಿ ಮಾಡಿಕೊಂಡು ಬಂದವರನ್ನು ‘ಪಿತ್ತ ಆಗೇದ’ ಎಂದು ಮನೆಗೆ ಕರೆದೊಯ್ದದ್ದೇ ಹೆಚ್ಚು.

ಝಳ ಬಡಿದವರಿಗೂ ಬೆವರು, ವಾಂತಿ. ಎಣ್ಣೆಯ ವಿಷವೇರಿದವರಿಗೂ ಬೆವರು, ವಾಂತಿ. ಎರಡನ್ನೂ ಬೇರೆ ಮಾಡುವುದು ಕಣ್ಣಿನ ಪಾಪೆ. ಬ್ಯಾಟರಿ ಹಿಡಿದು ನೋಡಿರಿ. ಪಾಪೆ ಸೂಜಿಮೊನೆಯಷ್ಟು ಸಣ್ಣದಾಗಿ, ಬಾಯಲ್ಲಿ ಜೊಲ್ಲು ಇಳಿಯುತ್ತ, ಮೈ ಅಲ್ಲಲ್ಲಿ ಅದುರುತ್ತಿದ್ದರೆ ಅದು ವಿಷ. ಬಟ್ಟೆ ಕಳಚಿ, ಸಾಬೂನು ಹಚ್ಚಿ ಮೈ ತೊಳೆದು, ಡಬ್ಬಿಯನ್ನೂ ಜೊತೆಗೆ ಕೊಟ್ಟು ದೊಡ್ಡ ದವಾಖಾನೆಗೆ ಕಳಿಸಬೇಕು. ತೊಳೆಯುವಾಗ ನಿಮ್ಮ ಕೈಗೆ ಗ್ಲೌಸ್ ಇರಲಿ. ಅಕಾಲ ಮಳೆಯ ಸುದ್ದಿ ಬಂದ ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿ ಈ ವಿಷಕ್ಕೆ ಕೊಡುವ ಅಟ್ರೋಪಿನ್ ದಾಸ್ತಾನು ಕೇಳುವುದು ನನ್ನ ರೂಢಿಯಾಗಿತ್ತು. ಎಣ್ಣೆ ಹೊಡೆದು ಬಂದವನ ಅಂಗಿ ಒಗೆಯುವವಳು ಅವನ ಹೆಂಡತಿ. ಮಕ್ಕಳ ಬಟ್ಟೆಯ ಜೊತೆ ಅದನ್ನು ನೆನೆಹಾಕಬೇಡ ಎಂದು ಅವಳಿಗೂ ಹೇಳಬೇಕು.

8. ಊರು ಬಿಟ್ಟು ಹೋಗುವವರು ರಿಜಿಸ್ಟರು ಬಿಟ್ಟು ಹೋಗಬಾರದು

ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯುವವರನ್ನು ಒಯ್ಯುವ ಮುಕದ್ದಮನ ಟ್ರ್ಯಾಕ್ಟರು ಬರುತ್ತದೆ. ಉಚಲ್, ಅಂದರೆ ಮುಂಗಡ ತೆಗೆದುಕೊಂಡ ಜೋಡಿಗಳು ಮಕ್ಕಳನ್ನು, ಹಿಟ್ಟಿನ ಚೀಲವನ್ನು, ಕೋಳಿಯನ್ನು ಏರಿಸಿಕೊಂಡು ಹೊರಡುತ್ತವೆ. ಕೆಲವರು ಪಶ್ಚಿಮದ ಕೃಷ್ಣಾ ದಂಡೆಗೆ, ಕೆಲವರು ಕೊಲ್ಲಾಪುರಕ್ಕೆ, ಕೆಲವರು ಬೆಳಗಾವಿ ಕಡೆಗೆ. ಮಳೆ ಕೈಕೊಟ್ಟ ವರ್ಷ ಟ್ರ್ಯಾಕ್ಟರುಗಳ ಸಂಖ್ಯೆ ಹೆಚ್ಚು. ನಮ್ಮ ಪಟ್ಟಿಯಲ್ಲಿ ಅವರ ಎದುರು ‘ಸ್ಥಲಾಂತರ’ ಎಂದು ಬರೆದು ಕೆಂಪು ಗೆರೆ ಎಳೆಯುತ್ತಿದ್ದೆವು. ಆರು ತಿಂಗಳು ಆ ಬಸುರಿ, ಆ ಕೂಸು ಯಾರ ಲೆಕ್ಕಕ್ಕೂ ಸೇರುತ್ತಿರಲಿಲ್ಲ.

ಕಬ್ಬಿನ ಗದ್ದೆಯ ಬದಿಯ ಕೊಪ್ಪೆಯಲ್ಲಿ ಹೆತ್ತು, ನಾಲ್ಕನೇ ದಿನ ಮೋಳಿಗೆ ಹೊತ್ತವಳನ್ನು ನಾನು ಬಲ್ಲೆ. ಒಂದು ದಿನ ತಪ್ಪಿದರೆ ಮುಕದ್ದಮ ದಂಡ ಹಿಡಿಯುತ್ತಾನೆ, ಅದಕ್ಕೆ ಮುಟ್ಟೂ ಅಡ್ಡಿ, ಬಸುರೂ ಅಡ್ಡಿ. ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಣ್ಣುಮಕ್ಕಳು ಚಿಕ್ಕ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡದ್ದು ಎಷ್ಟೆಂದರೆ, 2019ರಲ್ಲಿ ಮಹಾರಾಷ್ಟ್ರ ಸರಕಾರ ಸಮಿತಿ ಮಾಡಿ ವಿಚಾರಿಸಬೇಕಾಯಿತು. ಬರ ಹೆಣ್ಣಿನ ಮೈಯೊಳಗೆ ಎಲ್ಲಿಯವರೆಗೆ ಇಳಿಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಡ.

ನಾವು ಮಾಡಿಕೊಂಡ ದಾರಿ ಹೀಗಿತ್ತು. ದಸರೆಯಿಂದಲೇ ಮುಕದ್ದಮರನ್ನು ಕೇಳಿ ಯಾರು, ಎಲ್ಲಿಗೆ, ಯಾವ ಕಾರ್ಖಾನೆಗೆ ಎಂದು ಪಟ್ಟಿ ಮಾಡುವುದು. ಹೊರಡುವ ಮೊದಲು ಬಸುರಿಯರಿಗೆ ಒಂದು ತಪಾಸಣೆ, ಐರನ್ ಗುಳಿಗೆ ಆರು ತಿಂಗಳಿಗೆ ಆಗುವಷ್ಟು. ತಾಯಿ-ಮಗುವಿನ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಹಿಟ್ಟಿನ ಡಬ್ಬಿಯೊಳಗೆ ಇಡಿಸುವುದು, ಯಾಕೆಂದರೆ ಹಿಟ್ಟಿನ ಡಬ್ಬಿಯನ್ನು ಯಾರೂ ಎಲ್ಲೂ ಬಿಟ್ಟು ಹೋಗುವುದಿಲ್ಲ. ಬೆಳಗಾವಿ ಕಡೆಗೆ ಹೋಗುವವರ ಕಾರ್ಡಿನ ಹಿಂದೆ ಮುಂದಿನ ಲಸಿಕೆ ಯಾವುದು, ಹೆರಿಗೆ ದಿನ ಯಾವುದು ಎಂದು ಕನ್ನಡದಲ್ಲಿ ಬರೆದು ಕೊಡುತ್ತಿದ್ದೆ, ಅಲ್ಲಿನ ದಾದಿಗೆ ಓದಲು ಬರಲಿ ಎಂದು. ಒಂದು ಸಲ ಚೈತ್ರದಲ್ಲಿ ವಾಪಸು ಬಂದ ಕೂಸಿನ ಕಾರ್ಡಿನಲ್ಲಿ ನನ್ನ ಬರಹದ ಕೆಳಗೆ ಬೇರೊಂದು ಕೈಬರಹವಿತ್ತು: ಲಸಿಕೆ ಹಾಕಿದೆ, ತೂಕ ಕಡಿಮೆ, ಗಮನವಿರಲಿ. ಆ ಸಹೋದರಿಯ ಮುಖವನ್ನು ನಾನು ನೋಡಿಲ್ಲ. ಗಡಿಯ ಎರಡೂ ಬದಿಯ ದಾದಿಯರು ಹೀಗೆ ಕಾರ್ಡಿನಲ್ಲೇ ಮಾತಾಡಿಕೊಂಡರೆ ಎಷ್ಟೋ ಕೂಸುಗಳು ಉಳಿಯುತ್ತವೆ.

9. ಜಾತ್ರೆಯಲ್ಲಿ ತಾಯಿಯ ಹೆಸರು ಹೇಳಿ ನೀರು ಕೇಳಿ

ಹನ್ನೆರಡನೇ ಶತಮಾನದ ಶರಣೆ, ಇದೇ ತಾಲ್ಲೂಕಿನ ಉಮರಾಣಿಯ ಲಿಂಗಮ್ಮ, ದಾನದಿಂದ ದಾನಮ್ಮನಾದಳು, ಬಸವಣ್ಣನವರೇ ಹಾಗೆ ಕರೆದರು ಎಂಬುದು ನಮ್ಮ ಜನರ ನಂಬಿಕೆ. ಛಟ್ಟಿ ಅಮಾವಾಸ್ಯೆಗೆ ಹಗಲು ಬಿಸಿಲು, ರಾತ್ರಿ ಥಂಡಿ. ದಿನಗಟ್ಟಲೆ ನಡೆದವರ ಅಂಗಾಲಲ್ಲಿ ಬೊಬ್ಬೆ, ಹೊಟ್ಟೆಯಲ್ಲಿ ದಾರಿಯ ನೀರು. ದಾರಿಯುದ್ದಕ್ಕೂ ಭಕ್ತರು ಬ್ಯಾರಲ್ಲಿನಲ್ಲಿ ನೀರಿಟ್ಟು ಸೇವೆ ಮಾಡುತ್ತಾರೆ. ಅವರಿಗೆ ನೋಟಿಸು ಕೊಟ್ಟರೆ ಮನಸ್ಸು ಮುರಿಯುತ್ತದೆ. ನಾನು ನೀರಿಗೆ ಹಾಕುವ ಮೆಡಿಕ್ಲೋರ್ ಕ್ಲೋರಿನ್ ಬಾಟಲಿ ಹಿಡಿದು ಹೋಗಿ, “ಅಣ್ಣಾರ, ತಾಯಿ ಹೆಸರಿನ್ಯಾಗ ಕೊಡೂ ನೀರು ಸ್ವಚ್ಛ ಇರಬೇಕಲ್ರಿ” ಎಂದಷ್ಟೇ ಹೇಳುತ್ತಿದ್ದೆ. ಮುಂದಿನ ವರ್ಷ ಅವರೇ ನನ್ನನ್ನು ಹುಡುಕಿಕೊಂಡು ಬಂದರು. ಒಳಗೆ ಕೈ ಅದ್ದದಂತೆ ಉದ್ದ ಹಿಡಿಕೆಯ ಸೌಟನ್ನೂ ಇಟ್ಟರು.

ಓಆರ್‌ಎಸ್ ಪಾಕೀಟನ್ನು ಒಂದು ಲೋಟಕ್ಕೆ ಅರ್ಧ ಸುರಿದು ಕುಡಿಯುವವರು ಬಹಳ. ಹಾಗೆ ಕುಡಿದರೆ ಉಪ್ಪು ಹೆಚ್ಚಾಗಿ ಕೂಸಿಗೆ ಅಪಾಯ. ಇಡೀ ಪಾಕೀಟಿಗೆ ಒಂದು ಲೀಟರ್ ನೀರು ಎಂದು ಸಾರಿ ಹೇಳುವುದಕ್ಕಿಂತ, ಬಿದ್ದಿರುವ ಒಂದು ಲೀಟರಿನ ಬಿಸ್ಲೇರಿ ಬಾಟಲಿಯನ್ನು ತೊಳೆದು ತುಂಬಿ ತೋರಿಸಿದರೆ ಮರೆಯುವುದಿಲ್ಲ. ಡಾ. ದಿಲೀಪ ಮಹಲಾನಬಿಸ್ ಅವರು 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಕ್ಯಾಂಪಿನಲ್ಲಿ, ಸಲೈನು ಮುಗಿದಾಗ, ಡ್ರಮ್ಮುಗಳಲ್ಲಿ ಉಪ್ಪು-ಸಕ್ಕರೆಯ ನೀರು ಕಲಸಿ ಕಾಲರಾ ರೋಗಿಗಳನ್ನು ಉಳಿಸಿದರು. ಆ ನೀರನ್ನು ಕುಡಿಸಿದವರಲ್ಲಿ ರೋಗಿಗಳ ಮನೆಯವರೇ ಇದ್ದರು. ಹೇಳಿಕೊಟ್ಟರೆ ಎಲ್ಲರೂ ಮಾಡಬಲ್ಲ ಕೆಲಸ ಅದು.

ಜಾತ್ರೆ ಮುಗಿದ ಮೇಲೆ ಊರಿಗೆ ಉಳಿಯುವುದು ಪ್ಲಾಸ್ಟಿಕ್ ತಟ್ಟೆ, ಲೋಟದ ರಾಶಿ. ಮಹಾರಾಷ್ಟ್ರ 2018ರಲ್ಲೇ ಅವನ್ನು ನಿಷೇಧಿಸಿದೆ. ಆದರೂ ಸುಡುತ್ತಾರೆ, ಆ ಹೊಗೆಗೆ ವಾರವಿಡೀ ಊರಿನ ಮಕ್ಕಳು ಕೆಮ್ಮುತ್ತವೆ.

10. ನಮ್ಮ ಕಸ ನಮ್ಮ ಜವಾಬ್ದಾರಿ

ಊರಿಗೆ ಬುದ್ಧಿ ಹೇಳುವ ಮೊದಲು ಉಪಕೇಂದ್ರದ ಹಿತ್ತಲು ನೋಡಬೇಕು. ಸಿರಿಂಜು, ಗ್ಲೌಸ್, ಹೆರಿಗೆಯ ಬಟ್ಟೆಯನ್ನು ಒಟ್ಟಿಗೆ ಸುಡುವುದನ್ನು ನಾನು ಕಂಡಿದ್ದೇನೆ. 2016ರ ವೈದ್ಯಕೀಯ ಕಸದ ನಿಯಮದ ಹಳದಿ, ಕೆಂಪು, ಬಿಳಿ, ನೀಲಿ ಡಬ್ಬಿಗಳು ತಪಾಸಣೆಯ ದಿನದ ಅಲಂಕಾರವಲ್ಲ. ಒಡೆದ ಥರ್ಮಾಮೀಟರಿನ ಪಾದರಸವನ್ನು ಕಸಬರಿಗೆಯಿಂದ ಗುಡಿಸಬೇಡಿ, ಕೈಯಿಂದ ಮುಟ್ಟಬೇಡಿ. ಕಾಗದದಲ್ಲಿ ಕೂಡಿಸಿ, ಮುಚ್ಚಳದ ಬಾಟಲಿಯಲ್ಲಿ ನೀರಿನೊಳಗೆ ಹಾಕಿಟ್ಟು ಮೇಲಿನವರಿಗೆ ಒಪ್ಪಿಸಿ.

11. ರಿಜಿಸ್ಟರಿನ ಅಂಚಿನಲ್ಲಿ ಬಿಸಿಲು ಬರೆಯಿರಿ

ನಮ್ಮ ರಿಜಿಸ್ಟರುಗಳಲ್ಲಿ ಹೆಸರು, ವಯಸ್ಸು, ರೋಗ, ಔಷಧ ಇರುತ್ತವೆ. ಆ ದಿನ ಬಿಸಿಲೆಷ್ಟಿತ್ತು, ಟ್ಯಾಂಕರ್ ಬಂದು ಎಷ್ಟು ದಿನವಾಗಿತ್ತು ಎಂಬ ಕಾಲಮ್ಮು ಇಲ್ಲ. 2016ರ ಬೇಸಿಗೆಯಲ್ಲಿ ನಮ್ಮ ಮಿರಜಿನಿಂದ ಲಾತೂರಿಗೆ ರೈಲಿನಲ್ಲಿ ನೀರು ಹೋಯಿತಲ್ಲ, ಆ ವರ್ಷದಿಂದ ನಾನು ಪೆನ್ಸಿಲಿನಿಂದ ಅಂಚಿನಲ್ಲಿ ಎರಡೇ ಸಂಗತಿ ಬರೆಯಲು ಶುರು ಮಾಡಿದೆ. ಹಗಲಿನ ಶಾಖ, ಟ್ಯಾಂಕರಿನ ದಿನ. ಎರಡು ಬೇಸಿಗೆ ಕಳೆದ ಮೇಲೆ ಪುಟ ತಿರುವಿದಾಗ ಕಣ್ಣಿಗೆ ಹೊಡೆದದ್ದು ಇಷ್ಟು. ಟ್ಯಾಂಕರ್ ತಡವಾದ ನಾಲ್ಕೈದನೇ ದಿನಕ್ಕೆ ಭೇದಿಯ ಮಕ್ಕಳು. ಝಳ ಸತತ ಮೂರು ದಿನ ಉಳಿದರೆ ಹಿರಿಯರು ಮತ್ತು ಬಾಣಂತಿಯರು. ಅದು ವಿಜ್ಞಾನಿಗಳ ಅಧ್ಯಯನವಲ್ಲ, ಒಂದು ಉಪಕೇಂದ್ರದ ಪುಟಗಳು ಮಾತ್ರ. ಆದರೆ ಮುಂದಿನ ಬೇಸಿಗೆಯಲ್ಲಿ ಓಆರ್‌ಎಸ್ ಯಾವ ವಾರ ಬೇಕು ಎಂದು ನನಗೆ ಮೊದಲೇ ಗೊತ್ತಿತ್ತು.

ನಮ್ಮ ವೃತ್ತಿಯ ಮೂಲದಲ್ಲೇ ಇದಿದೆ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ತಂದ ‘ನೋಟ್ಸ್ ಆನ್ ನರ್ಸಿಂಗ್’ ಪುಸ್ತಕದಲ್ಲಿ ಆರೋಗ್ಯದ ಮನೆಗೆ ಬೇಕಾದ ಐದರಲ್ಲಿ ಔಷಧದ ಹೆಸರಿಲ್ಲ. ಶುದ್ಧ ಗಾಳಿ, ಶುದ್ಧ ನೀರು, ಚರಂಡಿ, ಸ್ವಚ್ಛತೆ, ಬೆಳಕು, ಇಷ್ಟೇ. ಭಾರತಕ್ಕೆ ಒಮ್ಮೆಯೂ ಬಾರದ ಆಕೆ ಇಲ್ಲಿನ ಬರ ಮತ್ತು ನೀರಾವರಿಯ ಬಗ್ಗೆ ವರ್ಷಗಟ್ಟಲೆ ಬರೆದಳು. ಅಂಕಿಗಳನ್ನು ಚಿತ್ರ ಮಾಡಿ ದೊಡ್ಡವರ ಮುಂದಿಟ್ಟಳು.

ನಾನೂ ನನ್ನ ಎರಡು ಬೇಸಿಗೆಯ ಪುಟಗಳನ್ನು ಗ್ರಾಮಸಭೆಗೆ ಒಯ್ದೆ. ಮಾತಾಡಲು ಎದ್ದಾಗ ಕಾಲು ನಡುಗಿತು. ಟ್ಯಾಂಕರ್ ಸರದಿ ಯಾವ ಓಣಿಗೆ ಎಷ್ಟು ದಿನ ತಪ್ಪಿತು, ಆ ಓಣಿಯಲ್ಲಿ ಎಷ್ಟು ಮಕ್ಕಳು ಮಲಗಿದರು ಎಂದು ಓದಿದೆ. ಬೇರೇನನ್ನೂ ಸೇರಿಸಲಿಲ್ಲ. ಸಭೆ ಸುಮ್ಮನಾಯಿತು. ಮುಂದಿನ ತಿಂಗಳಿಂದ ಸರದಿ ಸರಿಹೋಯಿತು. 2022ರ ನವೆಂಬರಿನಲ್ಲಿ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಜತ್ತಿನ ಹಳ್ಳಿಗಳನ್ನು ಕರ್ನಾಟಕಕ್ಕೆ ಸೇರಿಸುವ ಮಾತೆತ್ತಿದಾಗ ಟಿವಿಯವರೆಲ್ಲ ನಮ್ಮ ಕಡೆ ಬಂದರು. ಮಹಾರಾಷ್ಟ್ರದ ಮೈಸಾಳ ಯೋಜನೆಯ ನೀರೋ, ಕರ್ನಾಟಕದ ತುಬಚಿ-ಬಬಲೇಶ್ವರ ಯೋಜನೆಯ ನೀರೋ ಎಂಬ ವಾದ ಜೋರಾಯಿತು. ನೀರು ಯಾವ ದಿಕ್ಕಿನಿಂದ ಬಂದರೂ ನನಗೆ ಸಂತೋಷವೇ. ಯಾವ ರಾಜ್ಯದ ನೀರಾದರೂ ಅದು ಹರವಿಯ ಪಕ್ಕದ ಸಣ್ಣ ಕೊಡಕ್ಕೆ ಬಂದಿತೇ ಎಂದು ನೋಡುವುದು ನಮ್ಮ ಕೆಲಸ.

ತಂಗಿಯಂದಿರೇ, ಈ ಮಾರ್ಚ್ ಒಂದರಿಂದ ನಿಮ್ಮ ರಿಜಿಸ್ಟರಿನ ಅಂಚಿನಲ್ಲಿ ಆ ಎರಡು ಸಂಗತಿ ಬರೆಯಲು ಶುರು ಮಾಡಿರಿ. ಪೆನ್ಸಿಲ್ ಸಾಕು, ಯಾರ ಅಪ್ಪಣೆಯೂ ಬೇಡ.